ಪದ ದೊಡ್ಡದಾದರೆ ಗೌರವ ದೊಡ್ಡದಲ್ಲ

ಇಂಗ್ಲಿಷಿನಲ್ಲಿ ಭಾರದ ಪದ ಹಾಕಿದಷ್ಟೂ ಮರ್ಯಾದೆ ಹೆಚ್ಚು ಎಂದು ನಾನೂ ಬಹಳ ಕಾಲ ನಂಬಿದ್ದೆ. ಗೆಳೆಯನಿಗೆ ಕಳಿಸಿದ ಸಂದೇಶದಲ್ಲಿ ಪೆನ್ನು ‘ಪರ್ಚೇಸ್ಡ್’ ಎಂದು ಬರೆದು ನಗೆಪಾಟಲಾದ ಮೇಲೆ ಬುದ್ಧಿ ಬಂತು, ‘ಬಾಟ್’ ಸಾಕಿತ್ತು. ಈ ಭೇದದ ಹಿಂದೆ ಇತಿಹಾಸವಿದೆ: 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತಕ್ಕೆ, ನ್ಯಾಯಾಲಯಕ್ಕೆ ಫ್ರೆಂಚ್ ಕಾಲಿಟ್ಟಿತು. ಫ್ರೆಂಚಿನಿಂದ ಬಂದ ‘ಕಮೆನ್ಸ್’ಗೆ ಇಂದಿಗೂ ಕಚೇರಿಯ ಗತ್ತು, ಅದೇ ಅರ್ಥದ, ಹಳೆಯ ಇಂಗ್ಲಿಷಿನ ‘ಬಿಗಿನ್’ ಎಲ್ಲೆಡೆ ಸಲ್ಲುತ್ತದೆ. ‘ಚೈಲ್ಡ್’ ಕೂಡ ಹಾಗೆಯೇ. ‘ಕಿಡ್’ ಮಾತ್ರ ಹರಟೆಗೆ ಸರಿ, ಅರ್ಜಿಗೆ ಬೇಡ.

ಅನುಮಾನ ಬಂದರೆ ಕಲಿಯುವವರಿಗಾಗಿಯೇ ಇರುವ ನಿಘಂಟು ತೆರೆಯಿರಿ. ಪದದ ಪಕ್ಕ ‘ಫಾರ್ಮಲ್’, ‘ಇನ್‌ಫಾರ್ಮಲ್’ ಎಂಬ ಗುರುತು ಇರುತ್ತದೆ. ಯಾವ ಗುರುತೂ ಇಲ್ಲದ ಪದವನ್ನು ಸಾಮಾನ್ಯವಾಗಿ ಧೈರ್ಯವಾಗಿ ಬಳಸಬಹುದು.