ಜೀನ್‌ಗಳ ಅಳತೆಯಿಂದ ಅನ್ನನಾಳ ಕ್ಯಾನ್ಸರ್ ರೋಗಿಯ ಬದುಕುಳಿವನ್ನು ಅಂದಾಜಿಸುವುದು ಹೇಗೆ?

ಒಂದೇ ಹಂತದ ಅನ್ನನಾಳ ಕ್ಯಾನ್ಸರ್ ಇದ್ದು ಒಂದೇ ಬಗೆಯ ಶಸ್ತ್ರಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಂಡರೆ, ಇನ್ನೊಬ್ಬರು ಹಲವು ವರ್ಷ ಬಾಳುವುದುಂಟು. ಈ ವ್ಯತ್ಯಾಸದ ಒಂದು ಪಾಲನ್ನಾದರೂ ಗೆಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬ ಅಳತೆಯಿಂದ, ಅಂದರೆ ಅದರ ಆರ್‌ಎನ್‌ಎ ಪ್ರಮಾಣದಿಂದ, ತಿಳಿಯಬಹುದೇ ಎಂಬುದು ಸಂಶೋಧಕರ ಪ್ರಶ್ನೆ.

ಮೊದಲು ಯಾವ ಕ್ಯಾನ್ಸರ್ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಅನ್ನನಾಳದ ಒಳಪದರದಲ್ಲಿ ಹುಟ್ಟುವ ಸ್ಕ್ವಾಮಸ್ ಕ್ಯಾನ್ಸರ್ ಮತ್ತು ಹೆಚ್ಚಾಗಿ ಕೆಳತುದಿಯಲ್ಲಿ ಹುಟ್ಟುವ ಅಡೆನೊಕಾರ್ಸಿನೋಮ ಹೆಸರಿಗಷ್ಟೇ ಒಂದೇ ಮನೆಯವು. 164 ಗೆಡ್ಡೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಅಧ್ಯಯನದಲ್ಲಿ ಮೊದಲನೆಯದು ತಲೆ-ಕುತ್ತಿಗೆಯ ಕ್ಯಾನ್ಸರಿಗೂ ಎರಡನೆಯದು ಜಠರದ ಕ್ಯಾನ್ಸರಿಗೂ ಹತ್ತಿರವೆಂದು ಕಂಡುಬಂತು. ಎರಡನ್ನೂ ಕಲಸಿದರೆ ಬದುಕುಳಿವನ್ನು ಅಂದಾಜಿಸಲು ನೀವು ಆರಿಸುವ ಜೀನ್‌ಗಳ ಪಟ್ಟಿ ಆಯುಷ್ಯವನ್ನಲ್ಲ, ಕ್ಯಾನ್ಸರಿನ ಬಗೆಯನ್ನಷ್ಟೇ ಗುರುತಿಸೀತು. ಭಾರತದಲ್ಲಿ ಬಹುಪಾಲು ಸ್ಕ್ವಾಮಸ್ ಬಗೆಯೇ ಇರುವುದರಿಂದ, ಅಡೆನೊಕಾರ್ಸಿನೋಮದಿಂದ ಕಟ್ಟಿದ ಪಟ್ಟಿ ಇಲ್ಲಿನ ಹೆಚ್ಚಿನ ರೋಗಿಗಳಿಗೆ ಹೊಂದದು.

ಮುಂದಿನದು ದತ್ತಾಂಶ. ಚೀನಾದ 179 ಸ್ಕ್ವಾಮಸ್ ರೋಗಿಗಳ ಗೆಡ್ಡೆ ಹಾಗೂ ಪಕ್ಕದ ಆರೋಗ್ಯಕರ ಅಂಗಾಂಶದ ಅಳತೆಗಳು ಜಿಎಸ್‌ಇ53625 ಎಂಬ ಸಂಖ್ಯೆಯಡಿ ಜಿಇಒ ಎಂಬ ಸಾರ್ವಜನಿಕ ಜೀನ್ ದತ್ತಾಂಶ ಸಂಗ್ರಹದಲ್ಲಿ ಯಾರಿಗಾದರೂ ಸಿಗುತ್ತವೆ. ಅಳತೆಗಳ ಜೊತೆಗೆ ಪ್ರತಿ ರೋಗಿಯನ್ನು ಎಷ್ಟು ಕಾಲ ಗಮನಿಸಲಾಯಿತು, ಕೊನೆಗೆ ಸಾವು ದಾಖಲಾಯಿತೇ ಎಂಬ ಎರಡು ಕಾಲಂಗಳು ಬೇಕೇಬೇಕು. ಗಮನಿಸುವುದು ನಿಂತಾಗ ಬದುಕಿದ್ದವರನ್ನು ಕೈಬಿಡಬಾರದು. ಅಷ್ಟು ಕಾಲವಂತೂ ಬದುಕಿದ್ದರು ಎಂಬ ಮಾಹಿತಿ ಅವರಿಂದ ಸಿಗುತ್ತದೆ.

ಆಮೇಲೆ ಜೀನ್‌ಗಳ ಆಯ್ಕೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. ಡೇವಿಡ್ ಕಾಕ್ಸ್ 1972ರಲ್ಲಿ ರೂಪಿಸಿದ ವಿಧಾನದಿಂದ ಪ್ರತಿ ಜೀನಿಗೂ ಸಾವಿನ ಅಪಾಯಕ್ಕೂ ಇರುವ ನಂಟನ್ನು ಪರೀಕ್ಷಿಸಬಹುದು. ಆದರೆ 20,000 ಜೀನ್‌ಗಳನ್ನು ಶೇ 5ರ ಮಿತಿಯಲ್ಲಿ ಪರೀಕ್ಷಿಸಿದರೆ ನಿಜವಾದ ನಂಟು ಒಂದೂ ಇಲ್ಲದಿದ್ದರೂ ಸುಮಾರು 1,000 ಜೀನ್‌ಗಳು ಆಕಸ್ಮಿಕವಾಗಿ ‘ಗೆಲ್ಲುತ್ತವೆ’. ಹಾಗಾಗಿ ಬಹು ಪರೀಕ್ಷೆಗಳಿಗೆ ತಿದ್ದುಪಡಿ ಮಾಡಿ, ದುರ್ಬಲ ಗುಣಾಂಕಗಳನ್ನು (ಪ್ರತಿ ಜೀನ್ ಅಪಾಯವನ್ನು ಎಷ್ಟು ಏರಿಳಿಸುತ್ತದೆ ಎಂಬ ತೂಕ) ಸೊನ್ನೆಗೆ ತಳ್ಳುವ ಲಾಸೊ ವಿಧಾನದಿಂದ ಪಟ್ಟಿಯನ್ನು ಕುಗ್ಗಿಸುತ್ತಾರೆ. ಉಳಿದ ಪ್ರತಿ ಜೀನಿನ ಪ್ರಮಾಣವನ್ನು ಅದರ ಗುಣಾಂಕದಿಂದ ಗುಣಿಸಿ ಕೂಡಿದರೆ ರೋಗಿಯ ಅಪಾಯದ ಅಂಕ ಬರುತ್ತದೆ. ಈ ಅಂಕ ಸರಿಯೇ ಎಂದು ಪರೀಕ್ಷಿಸಲು ಮೊದಲೇ ತೆಗೆದಿಟ್ಟ ರೋಗಿಗಳನ್ನು ಈ ಆಯ್ಕೆಯ ಯಾವ ಹೆಜ್ಜೆಯಲ್ಲೂ ಬಳಸಕೂಡದು. ಎಲ್ಲರನ್ನೂ ಸೇರಿಸಿ ಜೀನ್ ಆರಿಸಿ, ಆಮೇಲೆ ‘ಪರೀಕ್ಷೆ’ ಎಂದು ಅರ್ಧ ಜನರನ್ನು ಬೇರ್ಪಡಿಸುವುದು ಪ್ರಶ್ನೆಪತ್ರಿಕೆ ನೋಡಿ ಪರೀಕ್ಷೆ ಬರೆದಂತೆ.

ಅಂಕದ ಪ್ರಕಾರ ರೋಗಿಗಳನ್ನು ಎರಡು ಗುಂಪಾಗಿಸಿ ಕಾಲ ಕಳೆದಂತೆ ಪ್ರತಿ ಗುಂಪಿನಲ್ಲಿ ಎಷ್ಟು ಪಾಲು ಬದುಕಿದ್ದಾರೆಂದು ತೋರಿಸುವ ಕಪ್ಲಾನ್–ಮೇಯರ್ ರೇಖೆಗಳನ್ನು ಎಳೆಯುವುದು ರೂಢಿ. ಗುಂಪು ಮಾಡುವ ಗಡಿಯನ್ನು ಮಧ್ಯಾಂಕದಂತಹ ಒಂದೆಡೆ ಮೊದಲೇ ಗೊತ್ತುಪಡಿಸಬೇಕು. ರೇಖೆಗಳು ಅತಿ ದೂರ ಸರಿಯುವ ಗಡಿಯನ್ನು ಹುಡುಕಿ ಇಟ್ಟರೆ ಚಿತ್ರ ಸೊಗಸಾಗಿರುತ್ತದೆ, ಆದರೆ ಅದರ ಪಿ ಮೌಲ್ಯವನ್ನು (ಆಕಸ್ಮಿಕವಾಗಿಯೇ ಇಷ್ಟು ಅಂತರ ಬರುವ ಸಾಧ್ಯತೆ) ನಂಬುವಂತಿಲ್ಲ.

ಕೊನೆಯದಾಗಿ ಗುಣಾಂಕ, ಗಡಿ ಯಾವುದನ್ನೂ ಬದಲಿಸದೆ ಬೇರೊಂದು ಆಸ್ಪತ್ರೆಯ ರೋಗಿಗಳ ಮೇಲೆ ಒರೆಹಚ್ಚಬೇಕು. ಇಬ್ಬರು ರೋಗಿಗಳಲ್ಲಿ ಯಾರು ಮೊದಲು ತೀರಿಕೊಳ್ಳುತ್ತಾರೆಂದು ಅಂಕ ಎಷ್ಟು ಪಾಲು ಸಲ ಸರಿಯಾಗಿ ಹೇಳುತ್ತದೆ ಎಂಬುದೇ ಸಿ-ಸೂಚ್ಯಂಕ. ಅದು 0.5 ಬಂದರೆ ಅದು ನಾಣ್ಯ ಚಿಮ್ಮಿದ್ದಕ್ಕೆ ಸಮ. 0.5 ದಾಟಿದ ಮಾತ್ರಕ್ಕೂ ಹಿಗ್ಗಬೇಕಿಲ್ಲ: ಸ್ತನ ಕ್ಯಾನ್ಸರಿನಲ್ಲಿ ಮನಬಂದಂತೆ ಆರಿಸಿದ ಜೀನ್ ಪಟ್ಟಿಗಳಲ್ಲೂ ಬಹುಪಾಲು ಬದುಕುಳಿವಿನೊಂದಿಗೆ ನಂಟು ತೋರುತ್ತವೆಂದು 2011ರ ಅಧ್ಯಯನವೊಂದು ಬಯಲು ಮಾಡಿದೆ. ಆದ್ದರಿಂದ ನಿಮ್ಮ ಪಟ್ಟಿಯನ್ನು ಅಷ್ಟೇ ಉದ್ದದ ಸಾವಿರ ಯಾದೃಚ್ಛಿಕ ಪಟ್ಟಿಗಳೊಡನೆ ಹೋಲಿಸಿ; ಬಳಿಕ ರೋಗದ ಹಂತ ಮತ್ತು ವಯಸ್ಸಷ್ಟೇ ಇರುವ ಮಾದರಿಗೆ ಅದನ್ನು ಸೇರಿಸಿ ನೋಡಿ. ಸೇರಿಸಿದ ಮೇಲೂ ಸೂಚ್ಯಂಕ ಏರದಿದ್ದರೆ, ವೈದ್ಯರ ಕೈಯಲ್ಲಿ ಈಗಾಗಲೇ ಇರುವ ವರದಿಯೇ ಸಾಕು.