ಸಬ್‌ವೂಫರ್ ಜೋಡಿಸುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ

ಕಾರವಾರದ ನಮ್ಮ ಮನೆಯಲ್ಲಿ ಹೋದ ವಾರ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್) ಜೋಡಿಸಿದೆ. ಒಂದೇ ಒಂದು ಆರ್‌ಸಿಎ ಕೇಬಲ್ (ನಡುವೆ ಪಿನ್ ಇರುವ ಆಡಿಯೋ ಕೇಬಲ್) ಸಾಕು. ಮೊದಲು ಎರಡರ ಪ್ಲಗ್ಗೂ ಕೀಳಿ. ರಿಸೀವರ್ ಹಿಂದೆ 'ಸಬ್‌ವೂಫರ್ ಪ್ರೀ ಔಟ್' ಅಂತ ಇರುತ್ತದೆ, ಅಲ್ಲಿಂದ ಸಬ್‌ವೂಫರಿನ 'ಎಲ್‌ಎಫ್‌ಇ' (ಬೇಸ್ ಸದ್ದಿನ) ಇನ್‌ಪುಟ್‌ಗೆ ಹಾಕಿ. ಅಷ್ಟೇ.

ನಾನು ಎಡವಿದ್ದು ಆಮೇಲೆ. ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ತಿರುಪನ್ನು (ಎಷ್ಟು ಹರ್ಟ್ಸ್‌ವರೆಗಿನ ಸದ್ದು ಸಬ್‌ವೂಫರಿನಲ್ಲಿ ಬರಬೇಕು ಅಂತ ಸೋಸುವುದು) 60 ಹರ್ಟ್ಸ್‌ಗೆ ಇಟ್ಟು, ರಿಸೀವರ್‌ ಮೆನುವಿನಲ್ಲೂ 80 ಹರ್ಟ್ಸ್ ಕೊಟ್ಟು, ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಮದ್ದಳೆ ದನಿಯೇ ಸಪ್ಪೆ! ಎರಡು ಜರಡಿಯಲ್ಲಿ ಸೋಸಿದ ಹಾಗೆ ಆಗಿತ್ತು, 60 ಮತ್ತು 80ರ ಮಧ್ಯದ ಸದ್ದು ಎಲ್ಲಿಗೂ ಹೋಗದೆ ಮಾಯ. ಹಿಂದಿನ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಸೋಸುವ ಕೆಲಸ ರಿಸೀವರ್‌ಗೇ ಬಿಡಿ. ಉಳಿದ ಸ್ಪೀಕರ್‌ಗಳನ್ನು ರಿಸೀವರ್ ಮೆನುವಿನಲ್ಲಿ 'ಸ್ಮಾಲ್' ಮಾಡಿ (ಆಗ ಅವುಗಳ ಬೇಸ್ ಸಬ್‌ವೂಫರ್‌ಗೆ ಹೋಗುತ್ತದೆ), 80 ಹರ್ಟ್ಸ್‌ನಿಂದ ಶುರು ಮಾಡಿ. ಸಬ್‌ವೂಫರಿನ ವಾಲ್ಯೂಮ್ ಅರ್ಧಕ್ಕಿರಲಿ. ಸಬ್‌ವೂಫರಿನ ಸದ್ದನ್ನು ಉಳಿದ ಸ್ಪೀಕರ್‌ಗಳ ಜೊತೆ ಹೊಂದಿಸುವ ಫೇಸ್ ಸ್ವಿಚ್ 0, 180 ಎರಡರಲ್ಲೂ ಕೇಳಿ ನೋಡಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಸರಿ.

ಸಬ್‌ವೂಫರನ್ನು ಮೂಲೆಗೆ ಒತ್ತಿ ಇಟ್ಟರೆ ಸದ್ದು ಜಾಸ್ತಿ ಬರುತ್ತದೆ ನಿಜ, ಆದರೆ ಎಲ್ಲ ಹಾಡೂ ಗುಂಯ್ ಅನ್ನುತ್ತದೆ. ಸ್ವಲ್ಪ ಹೊರಗೆ ಎಳೆಯಿರಿ.

ಸುಮ್ನೆ ಇದ್ದಾಗಲೂ 'ಹಮ್ಮ್' ಅಂದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಕೇಬಲ್ ತುದಿಯನ್ನೂ ನೋಡಿ. ನಮ್ಮ ಕಡೆ ಉಪ್ಪುಗಾಳಿ ಅಲ್ವಾ, ನನ್ನ ಹಳೇ ಕೇಬಲ್ಲಿನ ಪಿನ್ ಹಸಿರು ಕಟ್ಟಿತ್ತು, ಬದಲಿಸಿದ ಮೇಲೆ ಆ 'ಹಮ್ಮ್' ನಿಂತಿತು. ಮಳೆಗಾಲದಲ್ಲಿ ಗುಡುಗು ಶುರುವಾಗುತ್ತಲೇ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು.