ಗಡ್ಡೆ ಬೆಳೆಯುತ್ತಿದೆಯೇ? ಕೊಯ್ಯಿಸುವ ಮೊದಲು ಇಷ್ಟು ಮಾಡಿ

ಸಿಂಧನೂರು, ಗಂಗಾವತಿ ಕಡೆ ಗದ್ದೆ ಕೆಲಸದ ನಡುವೆ ತೊಡೆಯಲ್ಲೊಂದು ಗಂಟು ಕೈಗೆ ಸಿಕ್ಕರೆ, ‘ಎಲ್ಲೋ ಪೆಟ್ಟು ಬಿದ್ದಿರಬೇಕು’ ಅಂತ ಸುಮ್ನೆ ಬಿಡುವವರೇ ಜಾಸ್ತಿ. ಬಹಳಷ್ಟು ಸಲ ಅದು ಬರೀ ಕೊಬ್ಬಿನ ಗಡ್ಡೆ, ಭಯವಿಲ್ಲ. ಆದರೆ ಸ್ನಾಯು, ಕೊಬ್ಬು, ನರ, ರಕ್ತನಾಳಗಳಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಕೂಡ ಹೀಗೇ ಶುರುವಾಗುತ್ತದೆ. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ 1, ಮಕ್ಕಳಲ್ಲಿ ಶೇ 7ರ ಆಸುಪಾಸು. ಪೆಟ್ಟಿನಿಂದ ಇದು ಬರುವುದಿಲ್ಲ. ಪೆಟ್ಟು ಬಿದ್ದ ಜಾಗ ಮುಟ್ಟಿ ನೋಡುವಾಗ, ಮೊದಲೇ ಇದ್ದದ್ದು ಗೊತ್ತಾಗುತ್ತದೆ ಅಷ್ಟೇ.

ಮೊದಲು ಗಡ್ಡೆಯನ್ನು ಅಳೆಯಿರಿ. 5 ಸೆಂ.ಮೀ., ಅಂದರೆ ದೊಡ್ಡ ನಿಂಬೆಹಣ್ಣಿನ ಗಾತ್ರ ದಾಟಿದೆಯೇ? ಬೆಳೆಯುತ್ತಿದೆಯೇ? ಆಳದಲ್ಲಿ ಅಲುಗಾಡದೆ ಕೂತಿದೆಯೇ? ಒಮ್ಮೆ ತೆಗೆಸಿದ್ದು ಮತ್ತೆ ಬಂದಿದೆಯೇ? ಒಂದಕ್ಕೆ ಹೌದು ಎನಿಸಿದರೂ ಕಾಯಬೇಡಿ. ನೋವಿಲ್ಲ ಅಂತ ನಿಶ್ಚಿಂತೆಯಿಂದ ಇರುವಂತಿಲ್ಲ. ಸಾರ್ಕೋಮಾ ಎಷ್ಟೋ ಸಲ ನೋಯುವುದೇ ಇಲ್ಲ. ಬರೆ ಹಾಕಿಸುವುದು, ತಿಕ್ಕಿಸುವುದು ಖಂಡಿತ ಬೇಡ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ಸರ್ಜರಿ ವಿಭಾಗಕ್ಕೆ ತೋರಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಸಣ್ಣ ಗಡ್ಡೆ, ಅರ್ಧ ಗಂಟೆಯಲ್ಲಿ ತೆಗೆದುಬಿಡೋಣ’ ಎಂದು ಯಾರಾದರೂ ಹೇಳಿದರೆ, ಮೇಲಿನ ಲಕ್ಷಣಗಳಿರುವಾಗ ಒಪ್ಪಬೇಡಿ. ಪರೀಕ್ಷೆಯಿಲ್ಲದೆ ಕೊಯ್ದರೆ ಕ್ಯಾನ್ಸರ್ ಕಣಗಳು ಸುತ್ತಲಿನ ಮಾಂಸದಲ್ಲಿ ಉಳಿದುಬಿಡಬಹುದು. ಆಗ ಎರಡನೇ ಆಪರೇಷನ್ ಇನ್ನೂ ದೊಡ್ಡದಾಗುತ್ತದೆ. ಮೊದಲು ಎಂಆರ್‌ಐ ಸ್ಕ್ಯಾನ್, ಆಮೇಲೆ ದಪ್ಪ ಸೂಜಿಯಿಂದ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು), ನಂತರವೇ ಆಪರೇಷನ್. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಅನ್ನೋ ಹೆದರಿಕೆ ನಮ್ಮಲ್ಲಿ ತುಂಬಾ ಇದೆ. ಆದರೆ ಮುಂದೆ ಆಪರೇಷನ್ ಮಾಡುವ ತಂಡವೇ ಜಾಗ ನೋಡಿ ಚುಚ್ಚಿದರೆ, ಆ ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬಹುದು. ಈ ರೋಗ ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೇ ಎದೆಯ ಸಿಟಿ ಸ್ಕ್ಯಾನ್ ಕೇಳುತ್ತಾರೆ.

ರಿಪೋರ್ಟ್ ಬಂದಾಗ ಹೆಸರು ನೋಡಿ ಗಾಬರಿಯಾಗಬೇಡಿ. 50ಕ್ಕೂ ಹೆಚ್ಚು ಬಗೆಗಳಿವೆ. ಲೈಪೋಸಾರ್ಕೋಮಾ ಕೊಬ್ಬಿನದು, ದೊಡ್ಡವರಲ್ಲಿ ಜಾಸ್ತಿ. ಮಕ್ಕಳಲ್ಲಿ ಹೆಚ್ಚು ಕಾಣುವ ರಾಬ್ಡೋಮಯೋಸಾರ್ಕೋಮಾ ಕೀಮೋಗೆ ಚೆನ್ನಾಗಿ ಬಗ್ಗುತ್ತದೆ. ಹೆಸರಿನಷ್ಟೇ ಮುಖ್ಯವಾದದ್ದು ‘ಗ್ರೇಡ್’, ಅಂದರೆ ಕ್ಯಾನ್ಸರ್ ಕಣಗಳು ಎಷ್ಟು ಉಗ್ರ ಎಂಬುದರ ಅಳತೆ. ಅದು ಹೆಚ್ಚಿದಷ್ಟೂ ರೋಗ ಹರಡುವ ಅಪಾಯ ಹೆಚ್ಚು. ಅಮೆರಿಕದ ಲೆಕ್ಕದಲ್ಲಿ, ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದರೆ 100ರಲ್ಲಿ ಸುಮಾರು 80 ಮಂದಿ 5 ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ್ದರೆ ಅದು 15ರ ಸುತ್ತಮುತ್ತ. ತಡಮಾಡದೆ ಆಸ್ಪತ್ರೆಗೆ ಹೋಗಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕಾಲು ತೆಗೆಯುತ್ತಾರೆ ಎಂದು ಹೆದರಿ ತಪ್ಪಿಸಿಕೊಳ್ಳಬೇಡಿ. ಕಾಲು ಉಳಿಸಿ ರೇಡಿಯೇಷನ್ ಕೊಟ್ಟರೂ, ಕಾಲು ತೆಗೆದಷ್ಟೇ ಜೀವ ಉಳಿಯುತ್ತದೆ ಎಂದು 1982ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತು. ಇಂದು ಹೆಚ್ಚಿನವರ ಕೈಕಾಲು ಉಳಿಯುತ್ತವೆ.

ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಬಹುದು. ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರಿಪೋರ್ಟ್ ಒಂದೇ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಗಡ್ಡೆಯ ಚೂರನ್ನು ಕೂರಿಸಿದ ಮೇಣದ ಬ್ಲಾಕ್‌ಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಕಿದ್ವಾಯಿಯ ವೈದ್ಯರು ಅವನ್ನು ತಾವೇ ಮತ್ತೊಮ್ಮೆ ನೋಡುತ್ತಾರೆ.